ಯಾಕೋಬನ ನಾಲ್ವರು ಹೆಂಡತಿಯರು, ಗೊರೇಬಾಳದ ಅಂಬಮ್ಮ

ಒಂದು ನಿಮಿಷ ತಾಳಿ. ಯಾಕೋಬನಿಗೆ ನಾಲ್ವರು ಹೆಂಡತಿಯರು ಹೇಗೆ, ದಾವೀದನಿಗೆ ಅಷ್ಟೊಂದು ಮಂದಿ ಹೇಗೆ, ಹಾಗಾದರೆ ಸತ್ಯವೇದದ, ಅಂದರೆ ಬೈಬಲಿನ ಪ್ರಕಾರ ವ್ಯಭಿಚಾರ ಅಂದರೆ ಏನು, ಈ ಪ್ರಶ್ನೆಗಳಿಗೆ ಬಂದೇ ಬರುತ್ತೇನೆ. ಉತ್ತರ ಎಲ್ಲಿದೆ ಅಂತ ಬೆರಳಿನಿಂದ ಸರ್ರನೆ ಕೆಳಗೆ ಜಾರಿಸಬೇಡಿ. ಗೊರೇಬಾಳದ ಅಂಬಮ್ಮ ಬರುವವರೆಗೆ ಕಾಯಿರಿ. ಅವಳನ್ನು ನೋಡದೆ ಉತ್ತರ ಮಾತ್ರ ಓದಿದರೆ ನೀವೂ ನನ್ನ ಹಾಗೆ ಆಗುತ್ತೀರಿ.

ಇದನ್ನು ಬರೆಯಲು ಕಾರಣ ಹೋದ ತಿಂಗಳು ಮಸ್ಕಿಯಿಂದ ಬಂದ ಒಂದು ಫೋನು. ನಮ್ಮ ಸಭೆಯ, ಅಂದರೆ ಚರ್ಚಿನ, ಸೇವೆಗೆ ಹೊಸದಾಗಿ ಸೇರಿದ ಹುಡುಗಿ. "ಅಕ್ಕಾ, ಒಬ್ಬಾಕಿ ಊಟಕ್ಕ ಕುಂದ್ರಿಸಿ ಕೇಳಿಬಿಟ್ಲು. ಬೈಬಲಿನಾಗ ಎರಡು ಲಗ್ನ ನಡೀತೈತಿ ಅಂತಲ್ಲ, ಖರೇ ಏನು ಅಂತ. ನಾ ನೀರು ಕುಡದು ಸುಮ್ಮನಾದೆ." ಒಳ್ಳೆಯ ಕೆಲಸ ಮಾಡಿದೆ ಅಂದೆ. ಅವಳಿಗೆ ನಾನು ತಮಾಷೆ ಮಾಡಿದೆ ಅನ್ನಿಸಿರಬೇಕು.

ನಾನು ಸುವಾರ್ತಾ ಸೇವಕಿಯಾಗಿದ್ದೆ. ಅಂದರೆ ಸಭೆಯ ಕಡೆಯಿಂದ ಮನೆಮನೆಗೆ ಹೋಗಿ, ಓದಲು ಬಾರದ ಹೆಣ್ಣುಮಕ್ಕಳಿಗೆ ಸತ್ಯವೇದ ಓದಿ ಹೇಳುವುದು, ಹಾಡು ಕಲಿಸುವುದು, ಸಭೆಗೆ ಸೇರುವವರನ್ನು ನೀರಿನಲ್ಲಿ ಮುಳುಗಿಸುವ ದೀಕ್ಷಾಸ್ನಾನಕ್ಕೆ ಸಿದ್ಧ ಮಾಡುವುದು. ಎಲ್ಲರೂ 'ಅಕ್ಕೋರು' ಅನ್ನುತ್ತಿದ್ದರು, ನನಗಿಂತ ಹಿರಿಯರು ಸಹ. ಈಗ ಬಿಟ್ಟಿದ್ದೇನೆ. ನಲವತ್ತೂ ಆಗದವಳು ನಿವೃತ್ತಿ ಅಂದರೆ ಮನೆಯಲ್ಲಿ ನಗುತ್ತಾರೆ, ನಗಲಿ. ಯಾವ ತರಬೇತಿ ಶಾಲೆಗೂ ಹೋದವಳಲ್ಲ. ಪಿಯುಸಿ ಆದ ಮೇಲೆ ಮನೆಯಲ್ಲಿದ್ದ ದಪ್ಪ ಸತ್ಯವೇದವನ್ನು ಹಿಂದುಮುಂದು ಓದಿದೆ. ಫೋನು ಬಂದ ಮೇಲೆ ಕಿವಿಗೆ ವೈರು ಸಿಕ್ಕಿಸಿಕೊಂಡು ಅಡುಗೆ ಮಾಡುತ್ತಾ ದೊಡ್ಡ ದೊಡ್ಡವರ ಉಪನ್ಯಾಸ ಕೇಳಿದೆ. ಏನಾದರೂ ಹೊಸದು ತಿಳಿದರೆ ಯಾರಿಗಾದರೂ ಹೇಳುವವರೆಗೆ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಈ ಗುಣ ಈಗಲೂ ಇದೆ, ನೋಡುತ್ತಿದ್ದೀರಲ್ಲ.

ಕೆಲಸ ಹೇಗಿರುತ್ತಿತ್ತು ಅಂದರೆ, ಬಸ್ಸು. ಸಿಂಧನೂರಿನಿಂದ ಮಸ್ಕಿ, ಮಸ್ಕಿಯಿಂದ ಲಿಂಗಸುಗೂರು, ವಾಪಸು. ಹೆಗಲಿಗೆ ಬಟ್ಟೆಯ ಬೋರ್ಡು. ಅದರ ಮೇಲೆ ಚಿತ್ರ ಅಂಟಿಸಿ ಕಥೆ ಹೇಳುವ ಕಾಲ ಅದು. ಒಮ್ಮೆ ಬಂಗಾಲಿ ನಿರಾಶ್ರಿತರು ನೆಲೆಸಿದ ಆರ್.ಎಚ್. ಕ್ಯಾಂಪಿನಲ್ಲಿ ಗಾಳಿಗೆ ನೋಹನ ನಾವೆಯ ಆನೆ ಹಾರಿಹೋಗಿ ಬಂಗಾಲಿ ಅಜ್ಜಿಯೊಬ್ಬರ ಮೀನಿನ ಬುಟ್ಟಿಗೆ ಬಿತ್ತು. ಅಜ್ಜಿ ಅದನ್ನು ಒರೆಸಿ ತಂದುಕೊಟ್ಟರು, ಮೀನಿನ ವಾಸನೆ ಮಾತ್ರ ಹೋಗಲೇ ಇಲ್ಲ. ಈಗ ಬೋರ್ಡು ಇಲ್ಲ, ವಾಟ್ಸಾಪಿನಲ್ಲಿ ಬೆಳಗಾಗುವ ಮುಂಚೆ ವಾಕ್ಯ ಬಂದಿರುತ್ತದೆ. ಯಾವುದು ಮೇಲು ಅಂತ ನಾನು ಹೇಳುವುದಿಲ್ಲ. ಆದರೆ ಬೋರ್ಡು ಹೊತ್ತವಳಿಗೆ ಕೂತುಕೋ ಅನ್ನುತ್ತಿದ್ದರು. ಕೂತರೆ ಮಾತು ಬರುತ್ತಿತ್ತು.

ಹೀಗೇ ಒಂದು ಸಲ ಮಸ್ಕಿಯಲ್ಲಿ ಶಾಂತಮ್ಮ ಅನ್ನುವವರ ಮನೆಯಲ್ಲಿ ಕೂತೆ. ರೊಟ್ಟಿ, ಪುಂಡಿಪಲ್ಯ. ಅವರ ಗಂಡ ಭತ್ತ ಕೊಯ್ಯುವ ಮಷಿನ್ ಓಡಿಸುತ್ತಿದ್ದ, ಸುಗ್ಗಿಯಲ್ಲಿ ಊರೂರು ತಿರುಗುವವನು.

"ಅಕ್ಕೋರ, ನಮ್ಮ ಮನ್ಯಾರು ಮಷಿನ್ ಮ್ಯಾಲ ಹೋದಕಡಿ ಒಂದು ಮನಿ ಮಾಡ್ಯಾರ. ಇದು ವ್ಯಭಿಚಾರ ಹೌದಲ್ಲೋ?"

ಹಿಂದಿನ ವಾರವೇ ನಾನು ಇದನ್ನು ಓದಿ ಮುಗಿಸಿದ್ದೆ. ಖುಷಿಯಿಂದ ಕೇಳಿದೆ: "ಆಕಿಗೆ ಗಂಡ ಅದಾನೇನ್ರಿ?"

"ಇಲ್ರಿ, ಲಗ್ನನ ಆಗಿಲ್ಲಂತ."

"ಹಂಗಾರ ನೋಡ್ರಿ ಶಾಂತಮ್ಮ, ಮೋಶೆ ಕಾಲದ ನಿಯಮದಾಗ ವ್ಯಭಿಚಾರ ಅಂದ್ರ ಇನ್ನೊಬ್ಬನ ಹೆಂಡ್ತಿ ಕೂಡ ಹೋಗೋದು. ಲಗ್ನ ಆಗಲಾರದಾಕಿ ಕೂಡ ಹೋದ್ರ ಅದಕ್ಕ ಬ್ಯಾರೆ ಹೆಸರು, ಬ್ಯಾರೆ ಶಿಕ್ಷೆ. ಒಬ್ಬಗ ಇಬ್ಬರು ಹೆಂಡಿರಿದ್ರ ಅದನ್ನ ವ್ಯಭಿಚಾರ ಅಂತ ಆ ನಿಯಮ ಕರಿಯಾಂಗಿಲ್ಲ. ಇನ್ನೊಬ್ಬಾಕಿನ್ನ ತಂದ್ರ ಮೊದಲಿನಾಕಿಗೆ ಊಟ ಬಟ್ಟಿ ಕಡಿಮಿ ಮಾಡಬ್ಯಾಡ ಅಂತ ಐತಿ, ಅಷ್ಟ."

ಶಾಂತಮ್ಮ ಹೆಂಚಿನ ಮೇಲಿನ ರೊಟ್ಟಿ ತಿರುವಿದರು. "ಹಂಗಾರ ನಮ್ಮ ಮನ್ಯಾರು ಶುದ್ಧ ಅನ್ರಿ." ಆ ರೊಟ್ಟಿ ನನ್ನ ತಾಟಿಗೆ ಬರಲಿಲ್ಲ.

ಬಸ್ಸು ಹತ್ತಿದ ಮೇಲೆ ನೆನಪಾಯಿತು. ಯೇಸು ಬಂದು ಆ ಅಳತೆಯನ್ನೇ ತಿರುಗಿಸಿಬಿಟ್ಟಿದ್ದಾನೆ. ಹೆಂಡತಿಯನ್ನು ಬಿಟ್ಟು ಇನ್ನೊಬ್ಬಳನ್ನು ಮಾಡಿಕೊಂಡ ಗಂಡಸು ತನ್ನ ಹೆಂಡತಿಗೇ ದ್ರೋಹ ಮಾಡಿದ ವ್ಯಭಿಚಾರಿ ಅಂದಿದ್ದಾನೆ. ಅಲ್ಲಿಯವರೆಗೆ ಗಂಡಸರ ಸೊತ್ತಿನ ಲೆಕ್ಕದಂತಿದ್ದ ಮಾತಿನಲ್ಲಿ ಮೊದಲ ಸಲ ಹೆಂಡತಿಯ ನೋವಿಗೆ ಜಾಗ ಸಿಕ್ಕಿತ್ತು. ಮುಂದಿನ ವಾರ ಓಡಿ ಹೋಗಿ ಇದನ್ನೆಲ್ಲ ಹೇಳಿದೆ. ಶಾಂತಮ್ಮ ಕೇಳಿದರು, ತಲೆಯಾಡಿಸಿದರು, "ಹೋದ ವಾರ ಬೇಕಿತ್ರಿ ಇದು" ಅಂದರು.

ಇದಾದ ಮೇಲೆ ನನಗೆ ಹಟ ಬಂತು. ಇನ್ನು ಯಾವ ಗಂಡಸೂ ಸತ್ಯವೇದ ತೋರಿಸಿ ಎರಡನೆಯವಳನ್ನು ತರಬಾರದು ಅಂತ. ಲಿಂಗಸುಗೂರಿನಲ್ಲಿ ಒಬ್ಬ ಸಿಕ್ಕೇಬಿಟ್ಟ. ಗೊಬ್ಬರ, ಬೆಳೆಗೆ ಹೊಡೆಯುವ ಎಣ್ಣೆಯ ಅಂಗಡಿ ಇಟ್ಟವನು. ಮನೆಯಲ್ಲಿ ಹೆಂಡತಿ, ಬೆಳೆದ ಮಕ್ಕಳು. ಬಸ್‌ಸ್ಟ್ಯಾಂಡಿನ ಹಿಂದೆ ಇನ್ನೊಂದು ಮನೆ. ಆ ಮನೆಗೂ ಸಭೆಯ ಆಶೀರ್ವಾದ ಬೇಕು ಅವನಿಗೆ. ಆಗಿನ ನಮ್ಮ ಅಯ್ಯನವರು, ಅಂದರೆ ಸಭೆಯ ಪಾಸ್ಟರು, ನನ್ನನ್ನೂ ಜೊತೆಗೆ ಕರೆದುಕೊಂಡು ಹೋಗಿದ್ದರು.

"ಅಯ್ನೋರ, ಯಾಕೋಬಗ ನಾಕು ಮಂದಿ. ದೇವರು ಏನರ ಅಂದನೇನು? ನಂದು ಎರಡನೇದಕ್ಕ ಯಾಕ ತಕರಾರು?"

ಅಯ್ಯನವರು ಗಂಟಲು ಸರಿ ಮಾಡಿಕೊಳ್ಳುವುದರೊಳಗೆ ನಾನೇ ಶುರು ಮಾಡಿದೆ. "ಅಣ್ಣಾರ, ಆ ಮನಿಯೊಳಗ ಏನಾತು ಅಂತ ಓದೀರೇನು? ಹಿರೇ ಹೆಂಡ್ತಿ ಲೇಯ ಅತ್ತಳು, ಕಿರೇಕಿ ರಾಹೇಲ ಉರದಳು. ಹನ್ನಳ ಮನಿಯಾಗ ಸವತಿ ಚುಚ್ಚಿ ಚುಚ್ಚಿ ಉಣ್ಣಲಾರದಂಗ ಮಾಡಿದ್ಲು. ನಡೆದದ್ದನ್ನ ಬರದೈತ್ರಿ, ಹಂಗ ನಡೀರಿ ಅಂತ ಬರದಿಲ್ಲ. ಮೊದಲಿಗೆ ಒಬ್ಬ ಗಂಡಸು, ಒಬ್ಬ ಹೆಂಗಸು, ಇಬ್ಬರು ಒಂದು. ಯೇಸುನೂ ಅದನ್ನ ತೋರಿಸ್ಯಾನ. ಮೂರನೇದಾಕಿಗೆ ಅಲ್ಲಿ ಚಾಪಿ ಹಾಸಾಕ ಜಾಗ ಇಲ್ರಿ!"

ಅವನು ನಕ್ಕು ಅಯ್ಯನವರ ಕಡೆ ನೋಡಿದ: "ಭಾಳ ಕಲಿಸೀರಿ ಈ ಹುಡಿಗಿಗೆ." ಅಯ್ಯನವರು ನನ್ನ ಕಡೆ ನೋಡಿದ ನೋಟದಲ್ಲಿ ಹೆಮ್ಮೆ ಇತ್ತು. ದಾರಿಯುದ್ದಕ್ಕೂ ಆ ಕೊನೆಯ ಮಾತನ್ನು ಹೇಳಿಕೊಂಡು ನಕ್ಕರು. ಮುಂದೆ ಸಿಂಧನೂರಿನಲ್ಲಿ ಪ್ರಸಂಗ ಮಾಡುವಾಗಲೂ ಒಮ್ಮೆ ಬಳಸಿದರು. ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಈಗ ಅಂಬಮ್ಮ. ಆ ಮನೆಯವರೆಲ್ಲರ ಹೆಸರು ಬದಲಿಸಿದ್ದೇನೆ, ಊರನ್ನು ಗೊರೇಬಾಳ ಅಂತ ಇಟ್ಟುಕೊಳ್ಳಿ. ಬರೆಯಲು ಅವಳೇ ಒಪ್ಪಿದ್ದಾಳೆ.

ಅಲ್ಲಿ ಅಣ್ಣತಮ್ಮ ಇಬ್ಬರು. ಅಣ್ಣನ ಹೆಂಡತಿ ಅಂಬಮ್ಮ, ಒಬ್ಬಳೇ ಮಗಳು. ತಮ್ಮ ದುರುಗಪ್ಪ, ರೈಸ್ ಮಿಲ್ಲಿನಲ್ಲಿ ಹಮಾಲಿ. ಅವನ ಹೆಂಡತಿ ಹುಲಿಗೆಮ್ಮ. ಅಣ್ಣ ತೀರಿಕೊಂಡ. ವರ್ಷ ಆಗುವುದರೊಳಗೆ ಮನೆತನದ ದೊಡ್ಡಪ್ಪ ಕೂತು ಫೈಸಲಾ ಮಾಡಿದ: ವಯಸ್ಸಿನ ಹೆಣ್ಣು ಬರೀ ಹಣೆಯಲ್ಲಿ ಇರಬಾರದು, ತಮ್ಮನೇ ಸೀರೆ ಉಡಿಸಲಿ. ನಮ್ಮ ಕಡೆಯವರಿಗೆ ಉಡಿಕೆ ಅಂದರೆ ಗೊತ್ತು. ಗಂಡ ಸತ್ತವಳಿಗೆ ಹಂದರ, ಬಾಜಾಬಜಂತ್ರಿ ಇಲ್ಲದೆ, ಹಿರಿಯರ ಮುಂದೆ ಸೀರೆ ಕೊಟ್ಟು ಮಾಡಿಕೊಳ್ಳುವ ಮದುವೆ. ಮನೆಯೊಳಗೆ ಉಡಿಕೆಯಾದರೆ ಅವಳು ಮಗಳ ಜೊತೆ ಅಲ್ಲೇ ಇರಬಹುದು. ಹೊರಗಿನವನಿಗೆ ಉಡಿಕೆಯಾದರೆ ಅವಳು ಹೋಗಬೇಕು, ಮಗಳು ಈ ಮನೆಯಲ್ಲೇ ಉಳಿಯಬೇಕು. ದುರುಗಪ್ಪ ಸೀರೆ ಉಡಿಸಿದ.

ನಾನು ಅವರ ಮನೆಗೆ ಹೋಗತೊಡಗಿದ್ದು ಆಮೇಲೆ. ಮೂವರೂ ಪ್ರಾರ್ಥನೆಗೆ ಬರುತ್ತಿದ್ದರು. ಇಬ್ಬರು ಹೆಂಗಸರೂ ಒಂದೇ ಹಾಡಿನ ಪುಸ್ತಕ ಹಿಡಿದು ಹಾಡುತ್ತಿದ್ದರು. ಓದಲು ಇಬ್ಬರಿಗೂ ಬರುತ್ತಿರಲಿಲ್ಲ, ಪುಸ್ತಕ ಎಷ್ಟೋ ಸಲ ತಲೆಕೆಳಗಾಗಿರುತ್ತಿತ್ತು. ಒಂದು ಮಾತ್ರ ನನ್ನ ಕಿವಿಗೆ ಬಿದ್ದಿತ್ತು. ಹುಲಿಗೆಮ್ಮ ಎಂದೂ ಅಂಬಮ್ಮನನ್ನು ಸವತಿ ಅಂದವಳಲ್ಲ. "ನಮ್ಮ ನೆಗೆಣ್ಣಿ" ಅನ್ನುತ್ತಿದ್ದಳು, ಅಂದರೆ ಓರಗಿತ್ತಿ, ಮೊದಲಿನ ಹಾಗೇ.

ಮೂವರೂ ದೀಕ್ಷಾಸ್ನಾನ ಕೇಳಿದರು. ನಮ್ಮಲ್ಲಿ ಅದು ಕಾಲುವೆಯಲ್ಲಿ. ಡ್ಯಾಮಿನಿಂದ ನೀರು ಬಿಟ್ಟಾಗಲೇ ಆಗಬೇಕು, ಹಾಗಾಗಿ ರೈತರ ಜೊತೆ ನಮ್ಮ ಸಭೆಯೂ ನೀರಿಗೆ ಕಾಯುತ್ತಿತ್ತು. ಅಯ್ಯನವರು ಕೇಳಿದ ತಕ್ಷಣ ಅಂದರು: "ದುರುಗಪ್ಪ, ಹುಲಿಗೆಮ್ಮ ಬರಲಿ. ಆ ಇನ್ನೊಬ್ಬಾಕಿ ಬ್ಯಾರೆ ಮನಿ ಮಾಡಲಿ. ಆಮ್ಯಾಗ ನೋಡೋಣಂತ."

ಇದನ್ನು ಹೇಳಲು ನಾನು ಅಂಬಮ್ಮನನ್ನು ಹುಡುಕಿಕೊಂಡು ಹೋದೆ. ನಾಟಿ ನಡೆದಿತ್ತು. ಬದುವಿನ ಮೇಲೆ ನಿಂತು ಹೇಳಿದೆ. ಅವಳು ಕೈಯಲ್ಲಿದ್ದ ಸಸಿಯ ಕಟ್ಟು ಹಿಡಿದುಕೊಂಡೇ ಹತ್ತಿರ ಬಂದಳು, ಸುತ್ತ ಯಾರೂ ಇಲ್ಲ ಅಂತ ನೋಡಿದಳು.

"ಅಕ್ಕೋರ, ನಿಮಗ ಒಬ್ಬಾಕಿಗೆ ಹೇಳ್ತೀನಿ. ಆತ ಸೀರಿ ಉಡಿಸಿದ್ದು ಖರೇ. ಅವತ್ತ ಹೊರಗ ಕಟ್ಟಿ ಮ್ಯಾಲ ಮಲಗಿದ, ಮರುದಿನ ಹುಲಿಗೆಮ್ಮನ ಕ್ವಾಣಿಗೆ ಹೋದ. ಇವತ್ತಿಗೂ ನನ್ನ ಕ್ವಾಣಿ ಹೊಸ್ತಿಲಾ ದಾಟಿಲ್ಲ. ಅತ್ತಿಗಿ ಅಂತಾನ, ನಾನು ಮೈದ್ನ ಅಂತೀನಿ. ಹುಲಿಗೆಮ್ಮಗ ಎಲ್ಲಾ ಗೊತ್ತೈತಿ."

ನನಗೆ ಕುಣಿಯಬೇಕು ಅನ್ನಿಸಿತು. "ಹಂಗಾರ ಮುಗೀತಲ್ಲ ಅಂಬಕ್ಕ! ಇದನ್ನ ಅಯ್ನೋರಿಗೆ ಹೇಳಿದ್ರ..."

"ಹೇಳೀರಿ ಅಂದ್ರ ನನ್ನ ಹೆಣ ನೋಡ್ತೀರಿ." ಕೆಸರಿನ ಕೈಯಲ್ಲೇ ನನ್ನ ಮೊಣಕೈ ಹಿಡಿದಳು. "ದೊಡ್ಡಪ್ಪಗ ಗೊತ್ತಾದ್ರ, ಈ ಉಡಿಕಿ ಉಡಿಕಿನ ಅಲ್ಲ ಅಂತಾನ. ತುರ್ವಿಹಾಳದ ಕಡಿ ಒಬ್ಬ ಮುದುಕನ್ನ ಮೊದಲ ನೋಡಿಟ್ಟಿದ್ದ. ನನ್ನ ಅಲ್ಲಿಗೆ ಅಟ್ಟತಾನ. ನನ್ನ ಮಗಳು? ನಿಮ್ಮ ಬಾಯಾಗ ಮಾತು ನಿಂದ್ರಾಂಗಿಲ್ಲ ಅಂತ ಎಲ್ಲಾರಿಗೂ ಗೊತ್ತೈತಿ. ಇದೊಂದು ನಿಂದ್ರಿಸಿಕೊಳ್ರಿ."

ನಿಲ್ಲಿಸಿಕೊಂಡೆ. ಹಾಗಾಗಿ ನನಗೆ ಉಳಿದದ್ದು ವಾಕ್ಯಗಳು ಮಾತ್ರ. ನಿಜ ಹೇಳದೆ, ಬರೀ ಸತ್ಯವೇದದಿಂದ ಅವಳನ್ನು ನೀರಿಗೆ ಇಳಿಸಬೇಕಿತ್ತು. ಆ ದಿನಗಳಲ್ಲಿ ಓದಿದಷ್ಟು ನಾನು ಮತ್ತೆಂದೂ ಓದಿಲ್ಲ.

ಸಭೆಯ ಹಿರಿಯರೆಲ್ಲ ಕೂತರು. ದುರುಗಪ್ಪ, ಹುಲಿಗೆಮ್ಮ ಮುಂದೆ. ಅಂಬಮ್ಮ ಬಾಗಿಲ ಹತ್ತಿರ ನೆಲದ ಮೇಲೆ. ದೊಡ್ಡಪ್ಪ ನಮ್ಮ ಸಭೆಯವನಲ್ಲ. ಆದರೂ ತನ್ನ ಮನೆತನದ ಮಾತು ಏನಾಗುತ್ತದೆ ನೋಡೋಣ ಅಂತ ಬಂದು ಹೊರಗೆ ಕಿಟಕಿಯ ಕೆಳಗಿನ ಕಟ್ಟೆಯ ಮೇಲೆ ಬೀಡಿ ಹಚ್ಚಿಕೊಂಡು ಕೂತಿದ್ದ. ಹೊಗೆ ಒಳಗೆ ಬರುತ್ತಿತ್ತು.

ನಾನು ಎದ್ದು ನಿಂತೆ. "ಅಯ್ನೋರ, ವ್ಯಭಿಚಾರ ಅಂದ್ರ ಇನ್ನೊಬ್ಬನ ಹೆಂಡ್ತಿ ಮ್ಯಾಲ ಕೈ ಹಾಕೋದು. ದಾವೀದಗ ಹೆಂಡಿರು ಭಾಳ ಮಂದಿ ಇದ್ರು, ನಾತಾನ ಪ್ರವಾದಿ ಬಂದು ಛೀಮಾರಿ ಹಾಕಿದ್ದು ಊರೀಯ ಅನ್ನವನ ಹೆಂಡ್ತಿ ಮ್ಯಾಲ ಕೈ ಹಾಕಿದ್ದಕ್ಕ. ಅಂಬಮ್ಮನ ಗಂಡ ಸತ್ತಾನ. ಗಂಡ ಸತ್ತಾಕಿ ಮತ್ತೊಬ್ಬನ್ನ ಮಾಡಿಕೊಂಡ್ರ ವ್ಯಭಿಚಾರಿಣಿ ಅಲ್ಲ ಅಂತ ಪೌಲನ ಹೇಳ್ಯಾನ. ಗಂಡುಮಗ ಇಲ್ದ ಸತ್ತ ಅಣ್ಣನ ಹೆಂಡ್ತಿನ್ನ ತಮ್ಮ ಕೈಬಿಡಬಾರದು ಅಂತ ಮೋಶೆ ಹೇಳ್ಯಾನ. ಕೈಬಿಟ್ಟವನ ಕೆರ ಬಿಚ್ಚಿ ಮುಖಕ್ಕ ಉಗುಳ್ರಿ ಅಂತ ಐತಿ. ಒಬ್ಬಾಕಿ ಹೆಂಡ್ತಿ ಅಷ್ಟ ಇರಬೇಕು ಅಂತ ಪೌಲ ಕಡ್ಡಾಯ ಮಾಡಿದ್ದು ಸಭೆ ನಡಸವರಿಗೆ. ದುರುಗಪ್ಪ ಸಭೆ ನಡಸಾಕ ಬಂದಿಲ್ಲ, ಮೂಟಿ ಹೊರವ ಅದಾನ."

ಒಬ್ಬಿಬ್ಬರು ನಕ್ಕರು. ಗೆದ್ದೆ ಅಂದುಕೊಂಡೆ.

ಅಯ್ಯನವರು ನಗಲಿಲ್ಲ. ಸಿಟ್ಟೂ ಮಾಡಲಿಲ್ಲ. "ತಂಗೀ, ಇದಕ್ಕ ಜವಾಬ್ ನೀನ ಕೊಟ್ಟೀ. ಲಿಂಗಸುಗೂರಿನಾಗ ಆ ಅಂಗಡಿಯವಗ ಏನಂದಿದ್ದಿ? ನಡೆದದ್ದನ್ನ ಬರದೈತಿ, ನಡೀರಿ ಅಂತ ಬರದಿಲ್ಲ ಅಂದಿ. ಮೂರನೇದಾಕಿಗೆ ಚಾಪಿ ಹಾಸಾಕ ಜಾಗ ಇಲ್ಲ ಅಂದಿ. ಆ ಮಾತು ಅಂಗಡಿಯವಗೊಂದು, ಹಮಾಲಗೊಂದು ಐತೇನು? ನಾಳೆ ಅವ ಬಂದು, ಗೊರೇಬಾಳದವಗ ಕೊಟ್ರಿ, ನನಗ ಯಾಕಿಲ್ಲ ಅಂದ್ರ ನೀ ಬಂದು ಮಾತಾಡ್ತೀ ಏನು?"

ನನ್ನ ಹತ್ತಿರ ಉತ್ತರ ಇತ್ತು. ಒಂದೇ ಒಂದು ವಾಕ್ಯದ ಉತ್ತರ. ಅಯ್ಯನವರೇ, ಅಂಗಡಿಯವನದು ಬೇರೆ, ಇದು ಬೇರೆ, ಇಲ್ಲಿ ಆ ಮೂರನೆಯವಳ ಚಾಪೆಯೇ ಇಲ್ಲ. ಅದು ನಾಲಗೆಯ ತುದಿಗೆ ಬಂದಿತ್ತು. ಬಾಗಿಲ ಕಡೆ ನೋಡಿದೆ. ಅಂಬಮ್ಮ ನನ್ನನ್ನೇ ನೋಡುತ್ತಿದ್ದಳು. ಕಿಟಕಿಯಿಂದ ಬೀಡಿ ಹೊಗೆ ಬರುತ್ತಲೇ ಇತ್ತು. ನಾನು ಕೂತೆ.

ಆಗ ಹಿರಿಯರೊಬ್ಬರು ದುರುಗಪ್ಪನನ್ನೇ ಕೇಳಿದರು. "ಒಂದ ಮಾತು ಹೇಳಪಾ. ಆಕಿನ್ನ ಅತ್ತಿಗಿ ಅಂತ ಇಟ್ಕೊಂಡೀಯೋ, ಹೆಂಡ್ತಿ ಅಂತ ಇಟ್ಕೊಂಡೀಯೋ? ಅತ್ತಿಗಿ ಅಂದ್ರ ನಮ್ಮದು ತಕರಾರಿಲ್ಲ."

ಬಾಗಿಲು ತೆರೆದು ಕೊಟ್ಟ ಹಾಗಿತ್ತು. ದುರುಗಪ್ಪ ಕಿಟಕಿಯ ಕಡೆ ಒಮ್ಮೆ ನೋಡಿದ. ಆಮೇಲೆ ಬೇಕೆಂದೇ ದನಿ ಎತ್ತಿ ಅಂದ: "ಸೀರಿ ಉಡಿಸೀನ್ರಿ. ಹೆಂಡ್ತಿನ. ಬಿಡಾಂಗಿಲ್ಲ."

"ಹಂಗಾರ ಸಭೆ ಇದನ್ನ ಏನಂತೈತಿ ಗೊತ್ತೈತಲ್ಲ?"

"ಅನ್ರಿ. ಏನ್ ಅನ್ನಬೇಕು ಅನ್ರಿ."

ಅಂದರು. ಆ ಶಬ್ದವನ್ನು ಅವನ ಮುಖದ ಮೇಲೇ ಅಂದರು. ಅವನು ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೊರಗೆ ಹೋದ. ಹುಲಿಗೆಮ್ಮ ಎದ್ದಳು. "ನನಗೂ ಈಗ ಬ್ಯಾಡ್ರಿ" ಅಂದು ಅಂಬಮ್ಮನ ತೋಳು ಹಿಡಿದು ಎಬ್ಬಿಸಿದಳು. ಹೊರಗೆ ದೊಡ್ಡಪ್ಪ ದುರುಗಪ್ಪನ ಬೆನ್ನು ತಟ್ಟಿದ್ದು ಕೇಳಿಸಿತು: "ಗಂಡಸು ಅಂದ್ರ ನೀ ನೋಡಲೇ."

ಕಾಲುವೆಗೆ ನೀರು ಬಂತು. ಬೇರೆಯವರು ಇಳಿದರು. ದಂಡೆಯ ಮೇಲೆ ಅವರೆಲ್ಲರ ಒಣ ಬಟ್ಟೆ ಹಿಡಿದುಕೊಂಡು ನಿಂತವಳು ಅಂಬಮ್ಮ. ಯಾರೂ ಹೇಳಿರಲಿಲ್ಲ. ತಾನೇ ಬಂದಿದ್ದಳು. ಯಾರ ಬಟ್ಟೆ ಯಾರದು ಅಂತ ಅವಳಿಗೆ ಒಂದೂ ತಪ್ಪಲಿಲ್ಲ. ಆಮೇಲೆ ಪ್ರತಿ ಸಲವೂ ಅದು ಅವಳದೇ ಕೆಲಸ ಅನ್ನುವ ಹಾಗಾಯಿತು. "ಬಟ್ಟಿ ಅಂಬಮ್ಮನ ಕೈಗೆ ಕೊಡ್ರಿ" ಅಂತ ಅಯ್ಯನವರೇ ಅನ್ನುತ್ತಿದ್ದರು. ಅವರು ಕೆಟ್ಟವರಲ್ಲ. ಅವಳ ಮಗಳಿಗೆ ಶಾಲೆಯ ಪುಸ್ತಕ ಕೊಡಿಸಿದವರೂ ಅವರೇ.

ವರ್ಷಗಳಾದವು. ಆ ಅಯ್ಯನವರು ವಯಸ್ಸಾಗಿ ಕೆಲಸ ಬಿಟ್ಟರು. ದೊಡ್ಡಪ್ಪ ತೀರಿಕೊಂಡ. ಅಂಬಮ್ಮನ ಮಗಳು ನರ್ಸಿಂಗ್ ಕಲಿತು ಸಿಂಧನೂರಿನಲ್ಲಿ ಕೆಲಸಕ್ಕೆ ಸೇರಿದಳು, ಮದುವೆಯೂ ಆಯಿತು. ಹೋದ ಮಳೆಗಾಲದ ಹಿಂದಿನ ಮಳೆಗಾಲ ದುರುಗಪ್ಪ ಕಾಮಾಲೆ ಹೆಚ್ಚಾಗಿ ಹೋಗಿಬಿಟ್ಟ.

ಹೊಸ ಅಯ್ಯನವರು ನನಗಿಂತ ಚಿಕ್ಕವರು, ಓದಿದವರು, ಮೃದು ಮಾತು. ಅವರೇ ಕರೆದು ಹೇಳಿದರು: "ಅಕ್ಕಾ, ಈಗ ಇಬ್ಬರಿಗೂ ಏನೂ ಅಡ್ಡಿ ಇಲ್ಲ. ದೀಕ್ಷಾಸ್ನಾನ ಕೊಡೋಣ. ಆದರೆ ಹಿಂದೆ ಸಭೆಯ ಮುಂದೆಯೇ ಆದ ಮಾತಲ್ಲವಾ, ಅಂಬಮ್ಮನವರು ಸಭೆಯ ಮುಂದೆಯೇ ಅದು ಪಾಪ ಆಗಿತ್ತು ಅಂತ ಒಂದು ಮಾತು ಒಪ್ಪಿಕೊಳ್ಳಲಿ. ನೀವೇ ಹೇಳಿ ಒಪ್ಪಿಸಿ."

ನಾನು ಓಡಿದೆ. ಈಗ ಹೆದರಿಕೆ ಯಾರದಿದೆ? ನಿಜ ಹೇಳಿದರೆ ಒಂದೇ ನಿಮಿಷದಲ್ಲಿ ಎಲ್ಲ ತೊಳೆದು ಹೋಗುತ್ತದೆ. ಅಂಬಮ್ಮ ಅಕ್ಕಿ ಆರಿಸುತ್ತಿದ್ದಳು, ಹುಲಿಗೆಮ್ಮ ಪಕ್ಕದಲ್ಲಿ.

"ಹೇಳಿದ್ರ ಏನಾಕ್ಕತಿ ಅಕ್ಕೋರ?"

"ನಿಮ್ಮ ಮ್ಯಾಲಿನ ಮಾತು ಹೋಗ್ತೈತಿ."

"ನನ್ನ ಮ್ಯಾಲಿಂದು ಹೋಗ್ತೈತಿ. ಆತನ ಮ್ಯಾಲ ಬರ್ತೈತಿ. ಸಭೆದಾಗ ನಿಂತು ಸುಳ್ಳು ಹೇಳಿದ ಅಂತಾರ. ಸತ್ತವ ಎದ್ದು ಬಂದು ಜವಾಬ್ ಕೊಡ್ತಾನೇನು?"

"ಹಂಗಾರ ಆ ಒಂದು ಮಾತು ಒಪ್ಕೊಂಡು ಬಿಡ್ರಿ. ಅಷ್ಟ."

ಅಂಬಮ್ಮ ಮೊರ ಕೆಳಗಿಟ್ಟಳು. "ಮಾಡಲಾರದ್ದನ್ನ ಮಾಡೀನಿ ಅನ್ಲಿ? ಈಕಿ ಮುಂದ?" ಅಂತ ಹುಲಿಗೆಮ್ಮನ ಕಡೆ ನೋಡಿದಳು. ಹುಲಿಗೆಮ್ಮ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. "ನಿಮ್ಮ ಪುಸ್ತಕದಾಗ ಎಲ್ಲಾ ಐತಿ ಅಂತೀರಿ. ಇದಕ್ಕೇನರ ಐತೇನು ನೋಡ್ರಿ."

ನೋಡಿದೆ. ಈಗಲೂ ನೋಡುತ್ತಿದ್ದೇನೆ. ವ್ಯಭಿಚಾರ ಅಂದರೆ ಏನು ಅಂತ ಸಿಗುತ್ತದೆ. ಮೋಶೆಯ ಕಾಲದಲ್ಲಿ ಎಲ್ಲಿಯವರೆಗೆ, ಯೇಸುವಿನ ಮಾತಿನಲ್ಲಿ ಎಲ್ಲಿಯವರೆಗೆ, ನೋಟದಲ್ಲೇ ಹೇಗೆ ಶುರುವಾಗುತ್ತದೆ ಎಲ್ಲ ಸಿಗುತ್ತದೆ. ಇಬ್ಬರು ಹೆಂಡಿರನ್ನು ಹಳೆಯ ಪುಸ್ತಕಗಳು ಸಹಿಸಿಕೊಂಡವು, ಮೆಚ್ಚಿಕೊಳ್ಳಲಿಲ್ಲ ಅಂತ ಸಿಗುತ್ತದೆ. ಮಸ್ಕಿಯ ಹುಡುಗಿಗೆ ನನ್ನ ಉತ್ತರ ಇಷ್ಟೇ, ಬರೆದುಕೊಳ್ಳಲಿ. ಆದರೆ ಇನ್ನೊಬ್ಬಳಿಗೆ ಅವಳ ಮಗಳನ್ನು ಉಳಿಸಿಕೊಡಲು ಮಾಡದ ವ್ಯಭಿಚಾರವನ್ನು ಮಾಡಿದೆ ಅಂತ ಒಪ್ಪಿಕೊಂಡ ಒಬ್ಬ ಹಮಾಲನನ್ನು ಯಾವ ಸಾಲಿನಲ್ಲಿ ಇಡಬೇಕು ಅಂತ ನನಗೆ ಸಿಗಲಿಲ್ಲ.

ಹೊಸ ಅಯ್ಯನವರಿಗೆ, ಅಂಬಮ್ಮ ಒಪ್ಪಲಿಲ್ಲ ಅಂತಷ್ಟೇ ಹೇಳಿದೆ. "ಮತ್ತೆ ಒಮ್ಮೆ ಪ್ರಯತ್ನ ಮಾಡಿ ಅಕ್ಕಾ" ಅಂದರು. ಆಗುವುದಿಲ್ಲ ಅಂದೆ. ಆ ಮಾತಿನ ಜೊತೆಗೇ ಕೆಲಸವನ್ನೂ ಬಿಟ್ಟೆ. ಬೀಳ್ಕೊಡುಗೆಗೆ ಶಾಲು ಹೊದಿಸಿದರು. ಬಟ್ಟೆಯ ಬೋರ್ಡು ಅಟ್ಟದ ಮೇಲಿದೆ.

ಆ ಸಲ ನೀರು ಬಿಟ್ಟಾಗ ಹುಲಿಗೆಮ್ಮ ಇಳಿದಳು. ಅಂಬಮ್ಮನೇ ಹಟ ಮಾಡಿ ಕಳಿಸಿದಳು. ನೀರು ತಣ್ಣಗಿತ್ತು, ಹುಲಿಗೆಮ್ಮ ಗಡಗಡ ನಡುಗುತ್ತಾ ಮೇಲೆ ಬಂದಳು. ನಾನು ಮತ್ತು ಇನ್ನೊಬ್ಬರು ದುಪ್ಪಟಿ ಅಡ್ಡ ಹಿಡಿದೆವು. ಅದರ ಹಿಂದೆ ಅಂಬಮ್ಮ ಒಣ ಸೀರೆ ಬಿಡಿಸಿ, ನಿರಿಗೆ ಹಿಡಿದು, ತನ್ನ ಕೈಯಾರೆ ಅವಳಿಗೆ ಉಡಿಸುತ್ತಿದ್ದಳು. "ನಿಂದ್ರಬೇ ಸುಮ್ನ, ಎಷ್ಟ್ ನಡುಗ್ತಿ" ಅಂತ ಬೈಯುತ್ತಿದ್ದಳು. ಆಮೇಲೆ ಬಗ್ಗಿ, ಹುಲಿಗೆಮ್ಮನ ಹಸಿ ಸೀರೆಯನ್ನು ತೆಗೆದುಕೊಂಡು ಕಾಲುವೆಯ ಮೆಟ್ಟಿಲಿಗೆ ಹೋಗಿ ಹಿಂಡಿದಳು. ಮೊಣಕಾಲಿನವರೆಗೆ ಅವಳು ನೀರಿನಲ್ಲಿದ್ದಳು. ಯಾರೂ ಅತ್ತ ನೋಡುತ್ತಿರಲಿಲ್ಲ.

ಬರೆಯಲಾ ಅಂತ ಕೇಳಿದಾಗ ಅವಳು ಅಂದಿದ್ದು: "ಹೆಸರು ಹಾಕಬ್ಯಾಡ್ರಿ. ಉಳಿದದ್ದು ಬರೀರಿ. ಹೊಸ ಹುಡಿಗ್ಯಾರಿಗೆ ತಿಳೀಲಿ."

ಹಾಗಾಗಿ ಹೊಸ ಹುಡುಗಿಯರೇ, ಹಳಬರೇ, ನಿಮ್ಮ ಊರಿನ ನೀರಿನ ದಂಡೆಯ ಮೇಲೂ ಬೇರೆಯವರ ಬಟ್ಟೆ ಹಿಡಿದುಕೊಂಡು ನಿಂತವಳು ಒಬ್ಬಳು ಇದ್ದೇ ಇರುತ್ತಾಳೆ. ಅವಳಿಗೆ ನೀವು ಏನು ಹೇಳಿದಿರಿ, ಅವಳು ನಿಮಗೆ ಏನು ಹೇಳಿದಳು, ಈ ಬರಹದ ಕೆಳಗೆ ಬರೆಯಿರಿ. ಅಂಬಮ್ಮನಿಗೆ ಓದಲು ಬರುವುದಿಲ್ಲ. ನಾನು ಹೋಗಿ ಓದಿ ಹೇಳುತ್ತೇನೆ.